ರಿಂಗಿನ ಕೊಕ್ಕೆ ಒಳಕ್ಕೆ ಬಾಗಲಿ

ಮಾನ್ಯ ಸಂಪಾದಕರೇ,

ಮಳೆ ನಿಂತು ಕರಾವಳಿಯಲ್ಲಿ ಮನೆ ಕಟ್ಟುವ ಕೆಲಸ ಮತ್ತೆ ಶುರುವಾಗಿದೆ. ಜೊತೆಗೆ ‘ಭದ್ರವಾಗಿರಲಿ, ಬೀಮಿಗೆ ಹದಿನಾರು ಮಿ.ಮೀ. ದಪ್ಪದ್ದರ ಬದಲು ಇಪ್ಪತ್ತರ ಸರಳು ಹಾಕಿ’ ಎಂಬ ಮಾಲೀಕರ ಮಾತೂ. ಕಬ್ಬಿಣ ಹೆಚ್ಚಿದಷ್ಟೂ ಭದ್ರ ಎಂಬುದು ಅರ್ಧ ನಿಜ.

ಬರಿಯ ಕಾಂಕ್ರೀಟು ಎಳೆತಕ್ಕೆ ಪಟ್ಟನೆ ಮುರಿಯುತ್ತದೆ. ಮುರಿಯುವ ಮುನ್ನ ಬಾಗಿ ತಾಳಿಕೊಳ್ಳುವ ಗುಣ, ಇಂಜಿನಿಯರುಗಳು ಡಕ್ಟಿಲಿಟಿ ಎನ್ನುವುದು, ಅದಕ್ಕೆ ಬರುವುದು ಸರಳಿನಿಂದ. ಆದರೆ ಮೊದಲು ಸರಳು ಹಿಗ್ಗಬೇಕು, ಆಮೇಲೆ ಕಾಂಕ್ರೀಟು ಜಜ್ಜಿಹೋಗಬೇಕು. 230×450 ಮಿ.ಮೀ. ಬೀಮು, ಎಂ20 ದರ್ಜೆಯ ಕಾಂಕ್ರೀಟು, ಎಫ್‌ಇ 500 ದರ್ಜೆಯ ಸರಳು ಎಂದಿಟ್ಟುಕೊಳ್ಳಿ. ಕಾಂಕ್ರೀಟು ಕಟ್ಟಡಗಳ ಭಾರತೀಯ ಮಾನಕ ಐಎಸ್ 456ರ ಲೆಕ್ಕದಲ್ಲಿ ಕೆಳಗಿನ ಸರಳುಗಳ ಒಟ್ಟು ಅಡ್ಡಕೊಯ್ತದ ವಿಸ್ತೀರ್ಣ ಸುಮಾರು 715 ಚದರ ಮಿ.ಮೀ. ದಾಟಬಾರದು, ಮೇಲಿನ ಎರಡು ಹತ್ತರ ಸರಳನ್ನು ಸೇರಿಸಿ ನೋಡಿದರೂ ಮಿತಿ 860ರ ಆಸುಪಾಸು. ಹದಿನಾರರ ಮೂರು ಸರಳೆಂದರೆ 603. ಇಪ್ಪತ್ತರ ಮೂರಾದರೆ 942! ಅತಿ ಭಾರ ಬಿದ್ದಾಗ ಸರಳು ಹಿಗ್ಗುವ ಮೊದಲೇ ಮೇಲಿನ ಕಾಂಕ್ರೀಟು ಪುಡಿಯಾಗುತ್ತದೆ, ಓಡಿಹೋಗಲೂ ಹೊತ್ತು ಸಿಗದು.

ಖರ್ಚು ಮಾಡುವ ಮನಸ್ಸಿದ್ದರೆ ಪಿಲ್ಲರಿನ ನಿಂತ ಸರಳುಗಳನ್ನು ಸುತ್ತಿ ಕಟ್ಟುವ ರಿಂಗಿಗೆ ಮಾಡಲಿ. 2016ರ ಭೂಕಂಪ ಮಾನಕ ಐಎಸ್ 1893ರ ನಕ್ಷೆಯಲ್ಲಿ ಮಂಗಳೂರು ಮೂರನೇ ಭೂಕಂಪ ವಲಯದಲ್ಲಿದೆ, ಇಲ್ಲಿ ಕಂಪನ ತಾಳುವಂತೆ ಸರಳು ಕಟ್ಟುವ ನಿಯಮ ಐಎಸ್ 13920 ಕಡ್ಡಾಯ. ಒತ್ತಡಕ್ಕೆ ಸಿಕ್ಕ ಕಾಂಕ್ರೀಟು ಪಕ್ಕಕ್ಕೆ ಉಬ್ಬುತ್ತದೆ. ಅದನ್ನು ಬಿಗಿಹಿಡಿಯುವುದು ರಿಂಗು. 300 ಮಿ.ಮೀ. ಚದರದ ಪಿಲ್ಲರಿಗೆ ಮೇಲೆ ಕೆಳಗೆ ತಲಾ 450 ಮಿ.ಮೀ. ಉದ್ದಕ್ಕೆ 75 ಮಿ.ಮೀ.ಗೊಂದು ರಿಂಗು ಬೇಕು. ಸೈಟಿನಲ್ಲಿ ಕಾಣುವುದು ಉದ್ದಕ್ಕೂ ಆರಾರು ಇಂಚು.

ರಿಂಗಿನ ತುದಿಯ ಕೊಕ್ಕೆಯದು ಇನ್ನೊಂದು ಗೋಳು. ತೊಂಬತ್ತು ಡಿಗ್ರಿಗೆ ಮಡಿಚಿದರೆ ಸರಳಿಗೆ ತೊಡಿಸುವುದು ಸಲೀಸು, ಅದಕ್ಕೇ ಬಾರ್ ಬೆಂಡರುಗಳು ಹಾಗೆ ಮಾಡುತ್ತಾರೆ. ಆ ಕೊಕ್ಕೆಗೆ ಆಸರೆ ಹೊರಗಿನ ತೆಳು ಕಾಂಕ್ರೀಟು ಪದರ, ಅಂದರೆ ಕವರ್, ಮಾತ್ರ. ಕಂಪನಕ್ಕೆ ಕವರ್ ಉದುರಿತೋ, ಕೊಕ್ಕೆ ಬಿಚ್ಚುತ್ತದೆ, ನಿಂತ ಸರಳು ಹೊರಕ್ಕೆ ಬಾಗುತ್ತದೆ. 135 ಡಿಗ್ರಿಗೆ ಮಡಿಚಿ, ತುದಿ ಕನಿಷ್ಠ 65 ಮಿ.ಮೀ. ಒಳಗಿನ ಕಾಂಕ್ರೀಟಿಗೆ ಹೋಗಬೇಕು. ಎಂಟರ ರಿಂಗಿಗೆ ಹೆಚ್ಚು ಬೇಕಾಗುವುದು ಗೇಣುದ್ದದ ಕಂಬಿಯೂ ಅಲ್ಲ.

ಸರಳಿನ ಜೋಡಣೆ ಸ್ಲ್ಯಾಬಿನ ಮೇಲೇ ಬೇಡ, ಪಿಲ್ಲರಿನ ನಡುಭಾಗದಲ್ಲಿರಲಿ. ಬೀಮು ಪಿಲ್ಲರು ಕೂಡುವ ಗಂಟಿನೊಳಗೂ ರಿಂಗು ಇರಲೇಬೇಕು. ಬೀಮಿನ ಸರಳು ಇಳಿಸಿದ ಮೇಲೆ ಅಲ್ಲಿಗೆ ಕೈ ಹೋಗುವುದಿಲ್ಲ, ಮೊದಲೇ ಪೋಣಿಸಿಟ್ಟುಕೊಳ್ಳಬೇಕು.

– ಒಬ್ಬ ಸ್ಟ್ರಕ್ಚರಲ್ ಇಂಜಿನಿಯರ್, ಮಂಗಳೂರು