ಜೂನ್ ಬೇಡ, ಜನವರಿಯಲ್ಲಿ ಬಾ

ಕಮಿಂಗ್, ಜಾರ್ಜಿಯಾ, ಅಮೆರಿಕ

ಪ್ರೀತಿಯ ಗೆಳೆಯಾ,

ಜೂನ್‌ನಲ್ಲಿ ಷಾರ್ಲೆಟ್‌ಗೆ ಮಗಳ ಮನೆಗೆ ಬರುತ್ತೇನೆ, ಅಲ್ಲಿಂದ ನಿಮ್ಮಲ್ಲಿಗೆ ಬಂದು ನಿಮ್ಮ ಲೇನಿಯರ್ ಸರೋವರದಲ್ಲಿ ಒಂದು ದಿನ ಗಾಳ ಹಾಕೋಣ ಎಂದು ಬರೆದಿದ್ದೀಯ. ಓದಿ ತುಂಬ ಸಂತೋಷವಾಯಿತು. ಟಿಕೆಟ್ ಇನ್ನೂ ತೆಗೆದಿಲ್ಲವಾದರೆ ಮಾತ್ರ ನನ್ನದೊಂದು ಮಾತು ಕೇಳು. ಜೂನ್ ಬಿಟ್ಟು ಜನವರಿಯಲ್ಲಿ ಬಾ. ಚಳಿಗೆ ಹೆದರುವವನು ನೀನು, ಗೊತ್ತು. ಆದರೂ ಏಕೆ ಹೀಗೆ ಹಟ ಹಿಡಿಯುತ್ತಿದ್ದೇನೆ ಎನ್ನುವುದನ್ನು ಫೋನಿನಲ್ಲಿ ಹೇಳಿ ಮುಗಿಸಲಾಗದು, ಅದಕ್ಕೇ ಬರೆಯುತ್ತಿದ್ದೇನೆ.

ಇಲ್ಲಿ ನಾನು ಹಿಡಿಯುವುದು ಸ್ಟ್ರೈಪ್ಡ್ ಬಾಸ್. ಎಲ್ಲರೂ ಸ್ಟ್ರೈಪರ್ ಎಂದೇ ಕರೆಯುತ್ತಾರೆ. ಬೆಳ್ಳಿ ಬಣ್ಣದ ಉದ್ದ ಮೈ, ಕಿವಿರಿನಿಂದ ಬಾಲದವರೆಗೆ ಏಳೆಂಟು ಕಪ್ಪು ಗೆರೆ. ಮೂಲದಲ್ಲಿ ಇದು ಅಟ್ಲಾಂಟಿಕ್ ಕರಾವಳಿಯ ಮೀನು. ಸಮುದ್ರದಲ್ಲಿ ಬೆಳೆದು, ವಸಂತದಲ್ಲಿ ಮೊಟ್ಟೆ ಇಡಲು ನದಿಗಳನ್ನು ಏರುತ್ತದೆ. ಸಮುದ್ರದಿಂದ ಇಷ್ಟು ದೂರದ ಸಿಹಿನೀರಿಗೆ ಅದು ಬಂದದ್ದು ಹೇಗೆ ಎಂದು ನೀನು ಕೇಳಿಯೇ ಕೇಳುತ್ತೀಯ. 1940ರ ದಶಕದ ಆರಂಭದಲ್ಲಿ ದಕ್ಷಿಣ ಕೆರೊಲಿನಾದಲ್ಲಿ ಸ್ಯಾಂಟೀ ಮತ್ತು ಕೂಪರ್ ನದಿಗಳ ಯೋಜನೆಗಾಗಿ ಅಣೆಕಟ್ಟು ಕಟ್ಟಿದರು. ಮೇಲಕ್ಕೆ ಬಂದಿದ್ದ ಸ್ಟ್ರೈಪರ್‌ಗಳು ಕಟ್ಟೆಯ ಹಿಂದೆ ಉಳಿದುಬಿಟ್ಟವು. ಉಪ್ಪುನೀರಿಲ್ಲದೆ ಸತ್ತುಹೋಗುತ್ತವೆ ಎಂದುಕೊಂಡರೆ ಅವು ಅಲ್ಲೇ ಬೆಳೆದವು, ಮೇಲಿನ ನದಿಗಳಿಗೆ ಹೋಗಿ ಮರಿಯನ್ನೂ ಮಾಡಿದವು. ಈ ಮೀನಿಗೆ ಸಮುದ್ರವಿಲ್ಲದೆಯೂ ನಡೆಯುತ್ತದೆ ಎಂದು ಜನರಿಗೆ ತಿಳಿದದ್ದು ಹೀಗೆ.

ಆದರೆ ಹರಿಯುವ ನದಿ ಇಲ್ಲದೆ ಅದಕ್ಕೆ ನಡೆಯುವುದಿಲ್ಲ. ನಿಮ್ಮ ತಂದೆ ಭದ್ರಾ ಅಣೆಕಟ್ಟಿನ ಬಿ.ಆರ್. ಪ್ರಾಜೆಕ್ಟಿನ ಮೀನುಮರಿ ಕೇಂದ್ರದಲ್ಲಿ ಕೆಲಸದಲ್ಲಿದ್ದವರು, ಇದನ್ನು ನಿನಗೆ ಬಿಡಿಸಿ ಹೇಳಬೇಕಿಲ್ಲ. ಸ್ಟ್ರೈಪರ್ ಮೊಟ್ಟೆ ಒಡೆಯಲು ಸುಮಾರು ಎರಡು ದಿನ ಹಿಡಿಯುತ್ತದೆ. ಅಷ್ಟು ಹೊತ್ತೂ ಅದು ಹರಿವಿನಲ್ಲಿ ತೇಲಿಕೊಂಡೇ ಇರಬೇಕು. ತಳಕ್ಕೆ ಇಳಿದು ಕೆಸರಿನಲ್ಲಿ ಕೂತರೆ ಉಸಿರುಗಟ್ಟಿ ಸಾಯುತ್ತದೆ. ಲೇನಿಯರ್‌ಗೆ ಬಂದು ಸೇರುವ ಚಾಟಹೂಚಿ, ಚೆಸ್ಟಟೀ ಎರಡೂ ನದಿಗಳಲ್ಲಿ ಅಷ್ಟು ಉದ್ದದ ಹರಿವು ಇಲ್ಲ. ಹಾಗಾಗಿ ಈ ನೀರಿನಲ್ಲಿರುವ ಸ್ಟ್ರೈಪರ್‌ಗಳೆಲ್ಲ ಕೇಂದ್ರದಲ್ಲಿ ಮರಿಯಾಗಿ, ಲಾರಿಯಲ್ಲಿ ಬಂದು ಬಿಡುಗಡೆಯಾದವು. ಜಾರ್ಜಿಯಾ ಸರ್ಕಾರ ಮರಿ ಬಿಡುವುದನ್ನು ನಿಲ್ಲಿಸಿದರೆ ಕೆಲವೇ ವರ್ಷಗಳಲ್ಲಿ ಒಂದೂ ಉಳಿಯುವುದಿಲ್ಲ. 1957ರಲ್ಲಿ ಒಡಿಶಾದಲ್ಲಿ ಹೀರಾಲಾಲ್ ಚೌಧುರಿಯವರು ಪಿಟ್ಯುಟರಿ ಗ್ರಂಥಿಯ ಸಾರ ಚುಚ್ಚಿ ನಮ್ಮ ಗೆಂಡೆ ಮೀನುಗಳಿಗೆ ಮೊಟ್ಟೆ ಇಡಿಸಿದ್ದನ್ನು ನಿಮ್ಮ ತಂದೆ ಎಷ್ಟು ಅಭಿಮಾನದಿಂದ ಹೇಳುತ್ತಿದ್ದರು! ಅದಾದ ಕೆಲವು ವರ್ಷಗಳಿಗೆ, 1960ರ ದಶಕದಲ್ಲಿ, ದಕ್ಷಿಣ ಕೆರೊಲಿನಾದ ಮಾಂಕ್ಸ್ ಕಾರ್ನರ್ ಕೇಂದ್ರದಲ್ಲಿ ರಾಬರ್ಟ್ ಸ್ಟೀವನ್ಸ್ ಎಂಬವರು ಸ್ಟ್ರೈಪರ್‌ಗೂ ಹಾರ್ಮೋನ್ ಚುಚ್ಚಿ ಅದೇ ಕೆಲಸ ಸಾಧಿಸಿದರು. ಆಮೇಲೆಯೇ ಅಮೆರಿಕದ ಇಷ್ಟೊಂದು ಜಲಾಶಯಗಳಿಗೆ ಈ ಮೀನು ಹೋಗಲು ಸಾಧ್ಯವಾದದ್ದು. ಇದನ್ನು ಓದಿದಾಗ ನನಗೆ ನಿಮ್ಮ ತಂದೆಯ ನೆನಪು ಬಂತು. ಅವರಿಗೆ ಹೇಳಬೇಕಿತ್ತು.

ಈಗ ಜೂನ್ ಏಕೆ ಬೇಡ ಎನ್ನುವ ವಿಷಯ. ಬೇಸಿಗೆಯಲ್ಲಿ ಈ ಜಲಾಶಯದ ನೀರು ಪದರ ಪದರವಾಗಿ ನಿಂತುಬಿಡುತ್ತದೆ. ಮೇಲೆ ಬಿಸಿ ನೀರು, ಕೆಳಗೆ ತಣ್ಣೀರು, ಎರಡೂ ಬೆರೆಯುವುದಿಲ್ಲ. ಬೆಳೆದ ಸ್ಟ್ರೈಪರ್‌ಗೆ ಮೇಲಿನ ಬಿಸಿ ಆಗದು. ತಂಪು ಹುಡುಕಿಕೊಂಡು ಅರವತ್ತು, ಎಂಬತ್ತು, ನೂರು ಅಡಿ ಆಳಕ್ಕೆ ಇಳಿಯುತ್ತದೆ. ಬೇಸಿಗೆ ಬಲಿತ ಹಾಗೆಲ್ಲ ಆ ಆಳದ ನೀರಿನಲ್ಲಿ ಆಮ್ಲಜನಕ ಕಡಿಮೆಯಾಗುತ್ತ ಬರುತ್ತದೆ. ಮೇಲೆ ಹೋದರೆ ಬಿಸಿ, ಕೆಳಗೆ ಹೋದರೆ ಉಸಿರಿಲ್ಲ. ನಡುವಿನ ಒಂದು ಕಿರಿದಾದ ಪಟ್ಟಿಯಲ್ಲಿ ಮೀನು ಸಿಕ್ಕಿಕೊಂಡಿರುತ್ತದೆ. ಆಗಲೂ ಹಿಡಿಯುವವರಿದ್ದಾರೆ, ಚೆನ್ನಾಗಿಯೇ ಹಿಡಿಯುತ್ತಾರೆ. ಆದರೆ ಆ ಆಳದಿಂದ ಬಿಸಿ ನೀರಿನ ಮೂಲಕ ಎಳೆದು ತಂದ ಮೀನು ದಣಿದು ಹೋಗಿರುತ್ತದೆ, ಬಿಟ್ಟರೂ ಎಷ್ಟೋ ಸಲ ಬದುಕುವುದಿಲ್ಲ. ಅದು ನನ್ನ ಮನಸ್ಸಿಗೆ ಒಗ್ಗದು. ಸಾಲದ್ದಕ್ಕೆ ವರ್ಷಕ್ಕೆ ಒಂದು ಕೋಟಿಗೂ ಹೆಚ್ಚು ಜನ ಬರುವ ಜಲಾಶಯ ಇದು, ಅವರಲ್ಲಿ ಹೆಚ್ಚಿನವರು ಬೇಸಿಗೆಯಲ್ಲೇ ಬರುತ್ತಾರೆ. ಮೋಟಾರು ದೋಣಿಗಳ ಅಲೆಯಲ್ಲಿ ನೆಟ್ಟಗೆ ನಿಲ್ಲಲೂ ಆಗುವುದಿಲ್ಲ.

ನವೆಂಬರ್ ಕೊನೆಗೋ ಡಿಸೆಂಬರ್‌ನಲ್ಲೋ ಎಲ್ಲ ಬದಲಾಗುತ್ತದೆ. ಮೇಲಿನ ನೀರು ತಣ್ಣಗಾಗಿ ಭಾರವಾಗಿ ಕೆಳಗಿಳಿಯುತ್ತದೆ, ಕೆಳಗಿನದು ಮೇಲೆ ಬರುತ್ತದೆ, ಪದರಗಳು ಕಲಸಿಹೋಗುತ್ತವೆ. ಮೇಲಿನಿಂದ ತಳದವರೆಗೆ ಒಂದೇ ತಂಪು, ಎಲ್ಲೆಲ್ಲೂ ಉಸಿರು. ಪಟ್ಟಿಯಲ್ಲಿ ಸಿಕ್ಕಿಕೊಂಡಿದ್ದ ಮೀನಿಗೆ ಸುಮಾರು 38,000 ಎಕರೆ ನೀರು ಒಮ್ಮೆಗೇ ತೆರೆದುಕೊಳ್ಳುತ್ತದೆ. ಜನವರಿಯಲ್ಲಿ ಸ್ಟ್ರೈಪರ್ ಎಲ್ಲಿ ಬೇಕಾದರೂ ಇರಬಹುದು: ಹಳೆಯ ನದಿಪಾತ್ರದ ಮೇಲೆ ಮೂವತ್ತಡಿ ಆಳದಲ್ಲಿ, ಮುಳುಗಿದ ಮರಗಳ ನೆತ್ತಿಯಲ್ಲಿ, ಮಳೆ ಬಂದು ಎರಡು ದಿನ ಬಿಸಿಲು ಕಾಯ್ದರೆ ಹಳ್ಳದ ತುದಿಯ ಐದಡಿ ನೀರಿನಲ್ಲಿ. ಎಲ್ಲಿ ಬೇಕಾದರೂ ಇರಬಹುದಾದ ಮೀನನ್ನು ಎಲ್ಲಿದೆ ಎಂದು ಹುಡುಕಿ ತಿಳಿಯುವುದಿದೆಯಲ್ಲ, ಅದೇ ನನಗೆ ಈ ಆಟದ ಸಾರ. ನೀನೂ ಅಂಥವನೇ. ಭದ್ರಾ ಹಿನ್ನೀರಿನಲ್ಲಿ ಟರ್ನ್ ಹಕ್ಕಿಗಳು ಎಲ್ಲಿ ಎರಗುತ್ತಿವೆ ನೋಡಿಕೊಂಡೇ ಗಾಳ ಬಿಚ್ಚುತ್ತಿದ್ದವನು ನೀನು.

ಇಲ್ಲೂ ದಾರಿ ತೋರಿಸುವುದು ಹಕ್ಕಿಗಳೇ. ಉತ್ತರದಲ್ಲಿ ಕೆರೆಗಳು ಹೆಪ್ಪುಗಟ್ಟಿದಾಗ ಲೂನ್ ಹಕ್ಕಿಗಳೂ ಕಡಲಹಕ್ಕಿಗಳೂ ಇಲ್ಲಿಗೆ ಬಂದಿಳಿಯುತ್ತವೆ. ಅವು ಹುಡುಕುವುದೂ ಸ್ಟ್ರೈಪರ್ ಹುಡುಕುವುದೂ ಒಂದನ್ನೇ, ಬ್ಲೂಬ್ಯಾಕ್ ಹೆರಿಂಗ್ ಮತ್ತು ಶಾಡ್ ಎಂಬ ಸಣ್ಣ ಮೀನಿನ ಹಿಂಡನ್ನು. ಚಳಿ ತೀರಾ ಹೆಚ್ಚಾದರೆ ತ್ರೆಡ್‌ಫಿನ್ ಶಾಡ್‌ಗಳು ತಡೆಯಲಾರದೆ ಮೇಲೆ ಬಂದು ತೇಲುತ್ತವೆ, ಹಕ್ಕಿಗಳಿಗೆ ಆಗ ಹಬ್ಬ. ಲೂನ್ ಒಂದು ಕಡೆ ಮುಳುಗಿ ಬಹಳ ಹೊತ್ತಿನ ಮೇಲೆ ಇನ್ನೊಂದು ಕಡೆ ಏಳುತ್ತದೆ. ಐದಾರು ಲೂನ್‌ಗಳು ಒಂದೇ ಹಳ್ಳದ ಬಾಯಲ್ಲಿ ಮತ್ತೆ ಮತ್ತೆ ಮುಳುಗುತ್ತಿದ್ದರೆ ದೋಣಿಯನ್ನು ಅತ್ತ ತಿರುಗಿಸುತ್ತೇನೆ, ನೀರಿನೊಳಗೆ ಏನಿದೆ ಎಂದು ತೋರಿಸುವ ಸೋನಾರ್ ಯಂತ್ರ ಏನೇ ಹೇಳಲಿ.

ಎರೆ ಎಂದರೆ ಜೀವಂತ ಹೆರಿಂಗ್. ಇದರ ನಾಜೂಕು ನಿನಗೆ ಇಷ್ಟವಾಗುತ್ತದೆ. ಅಂಗಡಿಯಲ್ಲಿ ಡಜನ್ ಲೆಕ್ಕದಲ್ಲಿ ಸಿಗುತ್ತದೆ, ಮನೆಗೆ ತಂದು ಬಕೆಟ್ಟಿನಲ್ಲಿ ಬಿಟ್ಟರೆ ಸ್ವಲ್ಪ ಹೊತ್ತಿಗೇ ಸಾಯುತ್ತದೆ. ಅದಕ್ಕೆ ಮೂಲೆಗಳಿಲ್ಲದ ದುಂಡನೆಯ ತೊಟ್ಟಿ ಬೇಕು, ಏಕೆಂದರೆ ಹೆರಿಂಗ್ ನಿಲ್ಲದೆ ಸುತ್ತುತ್ತಲೇ ಇರುವ ಮೀನು. ಮೂಲೆ ಇದ್ದರೆ ಅಲ್ಲಿ ಗುಂಪುಗೂಡಿ ಒಂದನ್ನೊಂದು ಒತ್ತಿಕೊಂಡು ಸಾಯುತ್ತವೆ. ನೀರು ತಂಪಾಗಿರಬೇಕು, ಒಂದಿಷ್ಟು ಉಪ್ಪು ಹಾಕಿರಬೇಕು, ಗಾಳಿ ಊದುತ್ತಿರಬೇಕು. ಒಣಗೈಯಲ್ಲಿ ಹಿಡಿದರೆ ಹುರುಪೆ ಉದುರಿ ಕೈಗೆ ಅಂಟುತ್ತದೆ. ಮೂತಿ ಕೆಂಪಗಾದ ಹೆರಿಂಗ್ ಕಂಡರೆ ಅದು ಸೋತಿದೆ ಎಂದು ತಿಳಿಯಬೇಕು. ಅಂಥದ್ದನ್ನು ಸ್ಟ್ರೈಪರ್ ಮೂಸಿಯೂ ನೋಡುವುದಿಲ್ಲ. ಚುರುಕಾದ ಒಂದನ್ನು ಒದ್ದೆಗೈಯಲ್ಲಿ ಎತ್ತಿ, ಮೂಗಿನ ಹೊಳ್ಳೆಗಳ ಮೂಲಕ ಗಾಳ ದಾಟಿಸಿ, ಎರಡು ಔನ್ಸಿನ ಸೀಸದ ಗುಂಡಿನ ಕೆಳಗೆ ಐದಾರು ಅಡಿ ತೆಳು ದಾರದಲ್ಲಿ ಇಳಿಬಿಡುತ್ತೇನೆ. ಮೀನು ಮೂವತ್ತಡಿಯಲ್ಲಿದ್ದರೆ ನಾನು ಇಪ್ಪತ್ತೈದಕ್ಕೆ ನಿಲ್ಲಿಸುತ್ತೇನೆ. ಸ್ಟ್ರೈಪರ್ ತನಗಿಂತ ಮೇಲಿರುವುದನ್ನು ಏರಿ ಬಂದು ಹಿಡಿಯುತ್ತದೆ, ಕೆಳಗಿರುವುದಕ್ಕೆ ಇಳಿಯುವುದು ಅಪರೂಪ.

ಇನ್ನೆರಡು ಕೋಲುಗಳಿಗೆ ಗುಂಡೇ ಇಲ್ಲ. ದೋಣಿಯ ಹಿಂದೆ ನೂರಡಿ ದಾರ ಬಿಟ್ಟು, ನಡೆಯುವುದಕ್ಕಿಂತಲೂ ನಿಧಾನವಾಗಿ ವಿದ್ಯುತ್ ಮೋಟಾರಿನಲ್ಲಿ ಸಾಗುತ್ತೇವೆ. ಸೊನ್ನೆಗಿಂತ ಕೆಳಗಿನ ಚಳಿ ಬಿದ್ದ ಬೆಳಗಿನಲ್ಲಿ ಕೋಲಿನ ಉಂಗುರಗಳಲ್ಲಿ ನೀರು ಹೆಪ್ಪುಗಟ್ಟಿ ದಾರ ಸಿಕ್ಕಿಕೊಳ್ಳುತ್ತದೆ. ಉಂಗುರವನ್ನು ಬೆರಳಿನಿಂದ ಚಿವುಟಿ ಮಂಜು ಉದುರಿಸುತ್ತಿರಬೇಕು. ತಪ್ಪಿಯೂ ಬಾಯಿ ಹಾಕಬೇಡ.

ಒಂದು ಎಚ್ಚರಿಕೆ. ಬೆಂಡು ಮುಳುಗಿದೊಡನೆ ಸರ್ರನೆ ಎಳೆಯುವ ನಿನ್ನ ಕೈ ಇಲ್ಲಿ ಸುಮ್ಮನಿರಬೇಕು. ನಾನು ಬಳಸುವುದು ದುಂಡಗೆ ಒಳಮುಖವಾಗಿ ಬಾಗಿದ ಗಾಳ. ಎಳೆದರೆ ಮೀನಿನ ಬಾಯಿಂದ ಬರಿದೇ ಜಾರಿ ಬರುತ್ತದೆ. ಕೋಲಿನ ತುದಿ ಮೊದಲು ನಡುಗುತ್ತದೆ, ಅದು ಹೆರಿಂಗ್ ಹೆದರಿದ್ದು. ಆಮೇಲೆ ಎರಡು ಬಾರಿ ತಲೆದೂಗುತ್ತದೆ. ಕೊನೆಗೆ ಇಡೀ ಕೋಲು ಬಾಗಿ ತುದಿ ನೀರಿಗೆ ಹೋಗುತ್ತದೆ, ರೀಲು ಕಿರುಚುತ್ತದೆ. ಆಗಲೂ ಎಳೆಯದೆ, ಕೋಲನ್ನು ಅದರ ಗೂಡಿನಲ್ಲೇ ಬಿಟ್ಟು ರೀಲು ಸುತ್ತಬೇಕು. ಗಾಳ ತಾನಾಗಿಯೇ ಬಾಯಿಯ ಮೂಲೆಗೆ ಹೊರಳಿ ಕಚ್ಚಿಕೊಳ್ಳುತ್ತದೆ. ಬಿಡುವಾಗಲೂ ಗಾಯ ಕಡಿಮೆ.

ದೊಡ್ಡದು ಸಿಗುತ್ತದೆಯೇ ಎಂದು ಕೇಳಿದ್ದೀಯ. ಲೇನಿಯರ್‌ನಲ್ಲಿ ನಾಲ್ಕರಿಂದ ಏಳು ಕೆಜಿಯ ಮೀನು ಒಳ್ಳೆಯ ಮೀನು, ಹತ್ತು ಕೆಜಿ ದಾಟಿದರೆ ಆ ಚಳಿಗಾಲವೆಲ್ಲ ಹೇಳಿಕೊಳ್ಳಬಹುದು. ಸಿಹಿನೀರಿಗೆ ಸೀಮಿತವಾಗಿ ಬೆಳೆದ ಸ್ಟ್ರೈಪರ್‌ನ ವಿಶ್ವದಾಖಲೆ 69 ಪೌಂಡ್ 9 ಔನ್ಸ್, ಅಂದರೆ ಸುಮಾರು 31.5 ಕೆಜಿ. ಅದು ಸಿಕ್ಕಿದ್ದು ನಮ್ಮ ಪಕ್ಕದ ಅಲಬಾಮಾದಲ್ಲಿ, ಬ್ಲ್ಯಾಕ್ ವಾರಿಯರ್ ನದಿಯಲ್ಲಿ, ವಿದ್ಯುತ್ ಸ್ಥಾವರವೊಂದರ ಬಳಿ. ತಿಂಗಳು ಯಾವುದು ಗೊತ್ತೇ? 2013ರ ಫೆಬ್ರವರಿ.

ಇಲ್ಲಿನ ನಿಯಮದಂತೆ ಒಬ್ಬರು ದಿನಕ್ಕೆ ಹದಿನೈದು ಇಟ್ಟುಕೊಳ್ಳಬಹುದು, ಅದರಲ್ಲಿ 22 ಇಂಚು ಮತ್ತು ಮೇಲಿನವು ಎರಡೇ. ನಾನು ಊಟಕ್ಕೆ ಸಣ್ಣವನ್ನಷ್ಟೇ ಇಟ್ಟುಕೊಳ್ಳುತ್ತೇನೆ. ದೊಡ್ಡ ಮೀನಿನ ಮಾಂಸದಲ್ಲಿ ಪಾದರಸ ಹೆಚ್ಚು ಸೇರಿರುತ್ತದೆ, ರುಚಿಯೂ ಅಷ್ಟಕ್ಕಷ್ಟೇ. ಪಕ್ಕೆಯುದ್ದಕ್ಕೂ ಇರುವ ಕೆಂಪು ಮಾಂಸದ ಪಟ್ಟಿಯನ್ನು ತೆಗೆದುಹಾಕಿದರೆ ಉಳಿದದ್ದು ಬಿಳಿಯಾಗಿ, ಗಟ್ಟಿಯಾಗಿ, ರವೆ ಹಚ್ಚಿ ಕಾಯಿಸಲು ಹೇಳಿ ಮಾಡಿಸಿದ ಹಾಗಿರುತ್ತದೆ. ದೊಡ್ಡದನ್ನು ತಣ್ಣೀರಿನಲ್ಲಿ ತಲೆ ಮುಂದಾಗಿ ಬಿಟ್ಟರೆ ಬಾಲ ಬಡಿದು ಮುಖಕ್ಕೆ ನೀರೆರಚಿ ಹೋಗುತ್ತದೆ. ಜೂನ್‌ನಲ್ಲಿ ಆ ಶಕ್ತಿ ಅದಕ್ಕಿರುವುದಿಲ್ಲ.

ನಿನಗೆ ಭೇಟಿ ಮಾಡಿಸಬೇಕಾದ ಒಬ್ಬರಿದ್ದಾರೆ. ನನಗೆ ಈ ನೀರನ್ನು ಕಲಿಸಿದ ನೆರೆಮನೆಯ ಹಿರಿಯರು. 1950ರ ದಶಕದಲ್ಲಿ ಈ ಸರೋವರವಾಗುವಂತೆ ಬ್ಯೂಫರ್ಡ್ ಅಣೆಕಟ್ಟು ಕಟ್ಟಿದಾಗ ಅವರ ಅಜ್ಜನ ಜಮೀನು ಮುಳುಗಿತು. ಚೆಸ್ಟಟೀ ಕಡೆಯ ಒಂದು ದಿಬ್ಬದ ಮೇಲೆ ದೋಣಿ ಬಂದಾಗ ಸೋನಾರ್ ಪರದೆಯಲ್ಲಿ ಸಾಲಾಗಿ ನಿಂತ ಮರಗಳು ಕಾಣುತ್ತವೆ. ಅದು ತಮ್ಮ ಹೊಲದ ಅಂಚು ಎಂದು ಅವರು ಹೇಳುತ್ತಾರೆ. ಚಳಿಗಾಲದಲ್ಲಿ ಸ್ಟ್ರೈಪರ್ ಆ ಮರಗಳ ಮೇಲೆಯೇ ನಿಲ್ಲುತ್ತದೆ. ಅಲ್ಲಿ ಮೀನು ಹಿಡಿಯಲು ಅವರಿಗೆ ದುಃಖವಿಲ್ಲ, ಜಾಗ ಯಾರದೆಂದು ನಮಗೆ ತಿಳಿದಿರಬೇಕು ಅಷ್ಟೇ. ನಿಮ್ಮ ಅಜ್ಜಿಯ ಊರು ಭದ್ರೆಯಲ್ಲಿ ಮುಳುಗಿದ್ದನ್ನು ಅವರಿಗೆ ಹೇಳಿದ್ದೇನೆ. ನೀನು ಬಂದರೆ ಕೇಳಲು ಅವರಲ್ಲಿ ಪ್ರಶ್ನೆಗಳಿವೆ.

ಈಗ ತಯಾರಿ. ಜನವರಿ ಎರಡನೇ ವಾರದಿಂದ ಫೆಬ್ರವರಿ ನಡುವಿನವರೆಗೆ ಯಾವಾಗ ಬಂದರೂ ಸರಿ. ಸಂಕ್ರಾಂತಿಗೆ ಬಂದರೆ ಕನ್ನಡ ಕೂಟದ ಗೆಳೆಯರೂ ಸಿಗುತ್ತಾರೆ. ಹೊರರಾಜ್ಯದವರಿಗೆ, ಪ್ರವಾಸಿಗಳಿಗೆ ಒಂದೊಂದು ದಿನದ ಮೀನುಗಾರಿಕೆ ಪರವಾನಗಿ ಸಿಗುತ್ತದೆ, ಅದನ್ನು ನಾನು ಆನ್‌ಲೈನ್‌ನಲ್ಲಿ ಮಾಡಿಸುತ್ತೇನೆ, ನಿನ್ನ ಪಾಸ್‌ಪೋರ್ಟಿನಲ್ಲಿರುವಂತೆ ಹೆಸರು, ಹುಟ್ಟಿದ ದಿನಾಂಕ ಕಳಿಸು. ದಪ್ಪ ಜಾಕೆಟ್ ಕೊಳ್ಳಬೇಡ, ನನ್ನದೇ ಎರಡಿವೆ. ಉಣ್ಣೆಯ ಕಾಲುಚೀಲ ಮಾತ್ರ ನಿನ್ನ ಅಳತೆಗೆ ತಕ್ಕಂತೆ ನಾಲ್ಕು ಜೊತೆ ತಾ. ಜೀವರಕ್ಷಕ ಅಂಗಿಯನ್ನು ದೋಣಿ ಹತ್ತುವ ಮೊದಲೇ ಹಾಕಿಕೊಳ್ಳಬೇಕು, ಇಳಿಯುವವರೆಗೂ ಬಿಚ್ಚುವಂತಿಲ್ಲ. ಜನವರಿಯ ಆ ನೀರು ಹತ್ತು ಡಿಗ್ರಿಯ ಆಸುಪಾಸು ಇರುತ್ತದೆ, ಬಿದ್ದರೆ ಎಂಥ ಈಜುಗಾರನ ಕೈಕಾಲೂ ಕೆಲವೇ ನಿಮಿಷಗಳಲ್ಲಿ ಸೋಲುತ್ತವೆ. ನೀನು ತುಂಗೆಯನ್ನು ಈಜಿ ದಾಟಿದವನೆಂಬ ಮಾತು ಅಲ್ಲಿ ನಡೆಯುವುದಿಲ್ಲ, ಈಗಲೇ ಹೇಳಿಬಿಡುತ್ತೇನೆ.

ಅತ್ತಿಗೆಯವರಿಗೆ ನನ್ನ ನಮಸ್ಕಾರ ತಿಳಿಸು. ಅವರು ಒಣಗಿಸಿಟ್ಟ ವಾಟೆಹುಳಿ ಸ್ವಲ್ಪ ಕಟ್ಟಿಕೊಟ್ಟರೆ ಸಾರಿಗೆ ಆಗುತ್ತದೆ, ಇಲ್ಲಿ ಎಲ್ಲೂ ಸಿಗುವುದಿಲ್ಲ. ಮಗಳನ್ನು ಒಮ್ಮೆ ಕೇಳಿ ನೋಡಿ ದಿನಾಂಕ ಬರೆ. ಷಾರ್ಲೆಟ್‌ನಿಂದ ಇಲ್ಲಿಗೆ ಕಾರಿನಲ್ಲಿ ನಾಲ್ಕು ಗಂಟೆ, ಬಂದು ಕರೆದುಕೊಂಡು ಹೋಗುತ್ತೇನೆ. ಕಚೇರಿಯಲ್ಲಿ ರಜೆಯನ್ನು ಈ ತಿಂಗಳೇ ಹೇಳಿಡಬೇಕು, ಆದ್ದರಿಂದ ಬೇಗ ಬರೆ.

ನಿನ್ನ,
ಹಳೆಯ ಗೆಳೆಯ