ಡಬ್ಬದ ಆ ಕಡೆ ಯಾರಿದ್ದಾರೆ

ಮೈಸೂರು
ಭಾನುವಾರ ಸಂಜೆ

ಪ್ರೀತಿಯ ಮಗಳೇ,

ನೀನು ಕಳಿಸಿದ ಉದ್ದನೆಯ ಸಂದೇಶವನ್ನು ಎರಡು ಸಲ ಓದಿದೆ. ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ ಅನ್ನಿಸಿ, ಆರಾಧನೆ ಮುಗಿಸಿ ಬಂದವನೇ ಕಾಗದ ಹಿಡಿದು ಕೂತಿದ್ದೇನೆ. ನಿಮ್ಮಪ್ಪ ಇದರ ಫೋಟೋ ತೆಗೆದು ಕಳಿಸುತ್ತಾನೆ. ನಿನ್ನ ದೊಡ್ಡಮ್ಮ ಚೆನ್ನಾಗಿದ್ದಾಳೆ, ಮೊಣಕಾಲು ನೋವು ಇದ್ದದ್ದೇ.

ಅಮೆರಿಕದಲ್ಲಿ, ಉಪಗ್ರಹದ ಮೂಲಕ ಊರೂರಿನ ನಿಲಯಗಳಿಗೆ ಕಾರ್ಯಕ್ರಮ ಕಳಿಸುವ ಕ್ರೈಸ್ತ ರೇಡಿಯೋ ಜಾಲದ ಕೆಲಸಕ್ಕೆ ಸೇರಿದ ನೀನು, "ಇಲ್ಲಿ ನನಗೆ ಕೆಲಸ ಅಂತ ಏನೂ ಇಲ್ಲ ದೊಡ್ಡಪ್ಪ. ನಿಲಯಗಳ ರಿಸೀವರ್ ಡಬ್ಬಕ್ಕೆ ಸಿಗ್ನಲ್ ಬರ್ತಾ ಇದೆಯಾ ಅಂತ ಪರದೆ ಮೇಲೆ ನೋಡೋದು, ಕೆಂಪು ಬಂದರೆ ಫೋನ್ ಮಾಡೋದು, ಅಷ್ಟೆ. ದೇವರ ಸೇವೆ ಅಂತ ಬಂದೆ, ಕಾವಲುಗಾರ್ತಿ ಆದೆ" ಅಂತ ಬರೆದಿದ್ದೀಯ. ಕೊನೆಯಲ್ಲಿ ಇನ್ನೊಂದು ಸಂಗತಿ: ಇಪ್ಪತ್ತನಾಲ್ಕು ಗಂಟೆಯೂ ನಾವೇ ಕಾರ್ಯಕ್ರಮ ಕೊಡುತ್ತೇವೆ, ನೀವು ಜನ ಇಟ್ಟುಕೊಳ್ಳಬೇಕಾಗಿಲ್ಲ ಎಂದು ಸಣ್ಣ ನಿಲಯಗಳನ್ನು ಒಪ್ಪಿಸುವ ಯೋಜನೆಯನ್ನು ನಿನ್ನ ಕೈಲೇ ಬರೆಸುತ್ತಿದ್ದಾರೆ. ಅದನ್ನು ಎರಡೇ ಸಾಲಿನಲ್ಲಿ ಹೇಳಿ ಮುಗಿಸಿದ್ದೀಯ. ನನಗೆ ರಾತ್ರಿ ನಿದ್ದೆ ಬಾರದಂತೆ ಮಾಡಿದ್ದು ಆ ಎರಡು ಸಾಲು.

ಮೊದಲು ನಿನ್ನ ಬೇಸರದ ವಿಷಯ. ನಾನು ರೆಕಾರ್ಡಿಂಗ್ ಸ್ಟುಡಿಯೋದಲ್ಲಿ ಹದಿಮೂರು ವರ್ಷ ದುಡಿದದ್ದು ನಿನಗೆ ಗೊತ್ತು. ಅಲ್ಲಿ ನಾನು ಏನು ಮಾಡುತ್ತಿದ್ದೆ ಅಂತ ನೀನು ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಅಯ್ಯನವರು ಬಂದು ಸಂದೇಶ ಓದುತ್ತಿದ್ದರು, ಹುಡುಗಿಯರು ಕೀರ್ತನೆ ಹಾಡುತ್ತಿದ್ದರು. ನಾನು ಗಾಜಿನ ಈಚೆ ಕೂತು ಕೆಮ್ಮನ್ನೂ ತೊದಲನ್ನೂ ಬ್ಲೇಡಿನಿಂದ ಕತ್ತರಿಸಿ ಟೇಪು ಜೋಡಿಸುತ್ತಿದ್ದೆ. ಕಾಲಿಂಚು ಅಗಲದ ಟೇಪು, ಐದಿಂಚಿನ ರೀಲಿಗೆ 600 ಅಡಿ, ಸೆಕೆಂಡಿಗೆ ಏಳೂವರೆ ಇಂಚು ಓಡಿದರೆ 16 ನಿಮಿಷ. ಹದಿನೈದು ನಿಮಿಷದ ಕಾರ್ಯಕ್ರಮಕ್ಕೆ ಸರಿಹೋಗುತ್ತಿತ್ತು. ಅದನ್ನು ರಟ್ಟಿನ ಡಬ್ಬಕ್ಕೆ ಹಾಕಿ, ಬಟ್ಟೆ ಹೊಲಿದು, ಅರಗು ಮುದ್ರೆ ಒತ್ತಿ ಕಡಲಾಚೆಯ ಒಂದು ಶಾರ್ಟ್‌ವೇವ್ ನಿಲಯಕ್ಕೆ ರಿಜಿಸ್ಟರ್ ಅಂಚೆಯಲ್ಲಿ ಕಳಿಸುತ್ತಿದ್ದೆವು. ಕ್ರಿಸ್‌ಮಸ್ಸಿನ ಕಾರ್ಯಕ್ರಮ ಗಣೇಶನ ಹಬ್ಬದ ಹೊತ್ತಿಗೇ ಸಿದ್ಧವಾಗಬೇಕಿತ್ತು.

ಮುಗಿದ ಟೇಪನ್ನು ಹಿಂದಕ್ಕೆ ಸುತ್ತದೆ, ಬಾಲ, ಅಂದರೆ ಕಾರ್ಯಕ್ರಮದ ಕೊನೆ, ಹೊರಗಿರುವಂತೆಯೇ ಕಳಿಸುವುದು ನಮ್ಮ ರೂಢಿ. ತಲೆ ಹೊರಗಿಟ್ಟರೆ ಒಂದು ಸುತ್ತಿನ ಧ್ವನಿ ಮುಂದಿನ ಸುತ್ತಿಗೆ ಅಚ್ಚಾಗಿ, ಮಾತು ಬರುವ ಮೊದಲೇ ಅದರ ಪಿಸುಗುಟ್ಟುವಿಕೆ ಕೇಳುತ್ತದೆ. ತಲೆಗೆ ಹಸಿರು ಲೀಡರ್, ಅಂದರೆ ಗುರುತಿನ ಬಣ್ಣದ ಪಟ್ಟಿ, ಬಾಲಕ್ಕೆ ಕೆಂಪು. ಹೊರಗೆ ಕೆಂಪು ಕಂಡರೆ ಮೊದಲು ಹಿಂದಕ್ಕೆ ಸುತ್ತಿಕೊಳ್ಳಬೇಕು. ಒಂದು ದಿನ ಅವಸರದಲ್ಲಿ ನಾನು ಬಣ್ಣ ಅದಲುಬದಲು ಮಾಡಿ ಅಂಟಿಸಿಬಿಟ್ಟೆ. ಆ ನಿಲಯದಲ್ಲಿ ಕನ್ನಡ ಬಲ್ಲವರು ಯಾರೂ ಇರಲಿಲ್ಲ. ಹಸಿರು ನೋಡಿ ಹಾಗೇ ಯಂತ್ರಕ್ಕೆ ಏರಿಸಿದರು. ಹದಿನೈದು ನಿಮಿಷವೂ ಕಾರ್ಯಕ್ರಮ ಹಿಂದುಮುಂದಾಗಿ ಪ್ರಸಾರವಾಯಿತು, ಕೊನೆಯ ಆಶೀರ್ವಾದದಿಂದ ಶುರುವಾಗಿ ಮೊದಲ ನಮಸ್ಕಾರದವರೆಗೆ, ಒಂದಕ್ಷರ ತಿಳಿಯದ ಹಾಗೆ.

ನಮಗೆ ಗೊತ್ತಾದದ್ದು ಒಂದು ಪೋಸ್ಟ್ ಕಾರ್ಡಿನಿಂದ. ಮಳವಳ್ಳಿ ಕಡೆಯ ಹಳ್ಳಿ, ಸ್ಕೂಲು ಹುಡುಗನ ದುಂಡು ಅಕ್ಷರ. "ಅಯ್ಯಾ, ಈ ವಾರ ನೀವು ಮಾತಾಡಿದ್ದು ನಮಗೆ ತಿಳೀಲಿಲ್ಲ. ಬ್ಯಾರೆ ದೇಶದ ಭಾಷೆ ಅಂದ್ಕಂಡೊ. ಆದ್ರೂವೆ ನಮ್ಮಜ್ಜಿ ಕೊನೆಗಂಟ ಕುಂತು ಕೇಳ್ತು." ಅಷ್ಟೇ ಇದ್ದದ್ದು. ಬಯ್ಯಲಿಲ್ಲ, ದೂರಲಿಲ್ಲ. ಆ ಕಾರ್ಡು ಈಗಲೂ ನನ್ನ ಬೈಬಲಿನೊಳಗಿದೆ, ಅಂಚು ಹಳದಿಯಾಗಿದೆ.

ಆ ಅಜ್ಜಿ ಕೂತ ಹದಿನೈದು ನಿಮಿಷ ನನ್ನ ಕೈಬೆರಳ ತಪ್ಪಿನಿಂದ ಹಾಳಾಯಿತು ಮಗಳೇ. ಅದಕ್ಕೇ ಹೇಳುತ್ತೇನೆ, ನಿನ್ನ ಪರದೆಯ ಮೇಲೆ ಒಂದು ಚುಕ್ಕಿ ಕೆಂಪಾದರೆ ಅದನ್ನು ಡಬ್ಬ ಅಂತ ನೋಡಬೇಡ. ಆ ಡಬ್ಬದ ಆ ಕಡೆ ಒಬ್ಬರು ಕೂತಿರುತ್ತಾರೆ.

ಪಿಟ್ಸ್‌ಬರ್ಗಿನ ಕೆಡಿಕೆಎ ನಿಲಯ 1921ರ ಜನವರಿ 2ರಂದು ಕ್ಯಾಲ್ವರಿ ಎಪಿಸ್ಕೋಪಲ್ ಚರ್ಚಿನ ಆರಾಧನೆಯನ್ನು ಪ್ರಸಾರ ಮಾಡಿತಲ್ಲ, ರೇಡಿಯೋದಲ್ಲಿ ಚರ್ಚಿನ ಆರಾಧನೆ ಬಂದದ್ದು ಅದೇ ಮೊದಲು. ಅಂದು ಯಂತ್ರ ನೋಡಿಕೊಳ್ಳಲು ಬಂದ ಇಬ್ಬರು ತಂತ್ರಜ್ಞರಲ್ಲಿ ಒಬ್ಬರು ಕ್ಯಾಥೊಲಿಕ್, ಇನ್ನೊಬ್ಬರು ಯೆಹೂದಿ ಎಂದು ಹೇಳುತ್ತಾರೆ. ಸಭೆಯವರ ಗಮನ ಅತ್ತಿತ್ತ ಹೋಗಬಾರದು ಅಂತ ಅವರಿಗೂ ಗಾಯನ ಮಂಡಳಿಯ ನಿಲುವಂಗಿ ತೊಡಿಸಿದ್ದರಂತೆ. ನಿನಗೆ ಬೇಸರವಾದಾಗ ಆ ಇಬ್ಬರನ್ನು ನೆನೆಸಿಕೋ. ಹಾಡಲಿಲ್ಲ, ಬೋಧಿಸಲಿಲ್ಲ. ಆದರೆ ಅವರ ಕೈ ತಪ್ಪಿದ್ದರೆ ಆ ಆರಾಧನೆ ನಾಲ್ಕು ಗೋಡೆಯಾಚೆ ಹೋಗುತ್ತಿರಲಿಲ್ಲ.

ಉಪಗ್ರಹ ಬಂದಮೇಲೆ ನಮ್ಮಂಥವರ ಅರಗು ಮುದ್ರೆ ತಪ್ಪಿತು. ನಿಮ್ಮ ಅಮೆರಿಕದಲ್ಲೂ ಅದಕ್ಕೆ ಮುಂಚೆ ಕಾರ್ಯಕ್ರಮಗಳು ರೀಲಿನಲ್ಲೋ ಡಿಸ್ಕಿನಲ್ಲೋ ಅಂಚೆಯಲ್ಲೇ ಊರೂರಿಗೆ ಹೋಗುತ್ತಿದ್ದವು. ಇಲ್ಲಿ 1983ರಲ್ಲಿ ಇನ್ಸಾಟ್-1ಬಿ ಉಪಗ್ರಹ ಮೇಲೇರಿ ಆಕಾಶವಾಣಿಯ ನಿಲಯಗಳ ಅಂಗಳದಲ್ಲಿ ಡಿಶ್‌ಗಳು ಎದ್ದಾಗ ನಾವೆಲ್ಲ ಬೆರಗಿನಿಂದ ನೋಡಿದೆವು. ಅದನ್ನು ಹಿಡಿದು ನಡೆಸುತ್ತಿದ್ದುದು ನಮ್ಮ ಪಕ್ಕದ ಹಾಸನದ ನಿಯಂತ್ರಣ ಕೇಂದ್ರ. ಸುಮಾರು 36,000 ಕಿಲೋಮೀಟರ್ ಮೇಲೆ ಹೋಗಿ ಇಳಿಯಲು ಧ್ವನಿಗೆ ಕಾಲು ಸೆಕೆಂಡು. ನನ್ನ ಟೇಪಿಗೆ ವಾರಗಟ್ಟಲೆ ಹಿಡಿಯುತ್ತಿತ್ತು. ಈ ವೇಗವನ್ನು ನಾನು ಹಗುರವಾಗಿ ಕಾಣುವುದಿಲ್ಲ, ಕಣಮ್ಮ. ನನ್ನ ಕಾಲದಲ್ಲಿ ಇದ್ದಿದ್ದರೆ ಆ ಹಸಿರು ಕೆಂಪಿನ ತಪ್ಪೇ ಆಗುತ್ತಿರಲಿಲ್ಲ.

ಕೆಲಸದಲ್ಲಿ ಕಣ್ಣಿಡಬೇಕಾದ ಎರಡು ಮೂರು ಸಂಗತಿ ಹೇಳುತ್ತೇನೆ, ನಿನಗೆ ಗೊತ್ತಿದ್ದರೂ ಇರಲಿ. ವರ್ಷಕ್ಕೆ ಎರಡು ಸಲ, ಹಗಲು ರಾತ್ರಿ ಸಮವಾಗುವ ದಿನಗಳ ಆಸುಪಾಸಿನಲ್ಲಿ, ಸೂರ್ಯ ಉಪಗ್ರಹದ ಬೆನ್ನ ಹಿಂದೆ ಬಂದು ಡಿಶ್‌ನ ಕಣ್ಣಿಗೆ ನೇರ ಹೊಡೆಯುತ್ತಾನೆ. ಕೆಲವು ದಿನ, ದಿನಕ್ಕೆ ಕೆಲವು ನಿಮಿಷ ಸಿಗ್ನಲ್ ಮುಳುಗುತ್ತದೆ. ಯಾವ ಊರಿಗೆ ಎಷ್ಟು ಹೊತ್ತಿಗೆ ಅಂತ ಮೊದಲೇ ಲೆಕ್ಕ ಹಾಕಬಹುದು. ಆ ಲೆಕ್ಕವನ್ನು ಒಂದು ವಾರ ಮುಂಚೆ ನಿಲಯದವರಿಗೆ ಬರೆದು ತಿಳಿಸು. ಗೊತ್ತಿದ್ದರೆ ಅವರು ಆ ಹೊತ್ತಿಗೆ ತಮ್ಮದೇ ಒಂದು ಹಾಡು ಹಾಕಿಕೊಳ್ಳುತ್ತಾರೆ. ಗೊತ್ತಿಲ್ಲದಿದ್ದರೆ ಏಣಿ ಹತ್ತಿ ಸರಿಯಿರುವ ಡಿಶ್ಶನ್ನೇ ತಿರುಗಿಸಿ ಕೆಡಿಸಿಕೊಳ್ಳುತ್ತಾರೆ.

5ಜಿ ತಲೆನೋವಿನ ಬಗ್ಗೆ ನೀನೇ ಬರೆದಿದ್ದೆ. ಅಲ್ಲಿನ ಸಂಪರ್ಕ ನಿಯಂತ್ರಣ ಆಯೋಗ ಎಫ್‌ಸಿಸಿ 2020ರಲ್ಲಿ, ಉಪಗ್ರಹದ ಸಿಗ್ನಲ್ ಇಳಿಯುವ ಸಿ-ಬ್ಯಾಂಡ್ ತರಂಗಗಳ 3.7ರಿಂದ 3.98 ಗಿಗಾಹರ್ಟ್ಜ್ ಭಾಗವನ್ನು ಮೊಬೈಲಿಗೆ ಬಿಟ್ಟುಕೊಡಲು ತೀರ್ಮಾನಿಸಿ, ಉಪಗ್ರಹದವರನ್ನು 4.0ರಿಂದ 4.2ರೊಳಗೆ ಒತ್ತರಿಸಿತು. ಹತ್ತಿರದ ಮೊಬೈಲ್ ಗೋಪುರದ ಅಬ್ಬರಕ್ಕೆ, ಡಿಶ್ ಹಿಡಿದ ಸಿಗ್ನಲ್ಲನ್ನು ವರ್ಧಿಸಿ ಕೊಡುವ ಎಲ್‌ಎನ್‌ಬಿ ಕಂಗೆಡದಿರಲು ಅದರ ಮುಂದೆ ಫಿಲ್ಟರ್ ಇರಬೇಕು. ದೊಡ್ಡ ನಿಲಯಗಳಿಗೆ ಎಂಜಿನಿಯರ್ ಇರುತ್ತಾರೆ. ಪಾಸ್ಟರೇ ಬೀಗದ ಕೈ ಇಟ್ಟುಕೊಂಡಿರುವ ನಿಲಯಕ್ಕೆ ನೀನೇ ಎಂಜಿನಿಯರ್. ಫೋನಿನಲ್ಲಿ ಅವರ ಜೊತೆ ಒಂದು ಗಂಟೆ ಹೋದರೂ ಹೋಗಲಿ.

ಉಪಗ್ರಹವೇ ಕೈಕೊಡುವುದೂ ಉಂಟು. 1998ರ ಮೇ 19ರಂದು ಗ್ಯಾಲಕ್ಸಿ-4 ದಿಕ್ಕು ತಪ್ಪಿದಾಗ ಆ ದೇಶದ ಬಹುಪಾಲು ಪೇಜರುಗಳು ಮೂಕವಾದವು, ರೇಡಿಯೋ ಜಾಲಗಳಿಗೂ ಪೆಟ್ಟು ಬಿತ್ತು. ನಿನ್ನ ನಿಲಯಗಳಿಗೆ ಇಂಟರ್ನೆಟ್ಟಿನ ಎರಡನೇ ದಾರಿ ಇದೆಯೋ ಇಲ್ಲವೋ ವಿಚಾರಿಸು. ಇದೆ ಅಂದರೆ ಸಾಲದು, ಒಂದು ದಿನ ಡಿಶ್‌ನ ಕೇಬಲ್ ಕಿತ್ತು ನೋಡಿ ಅನ್ನು.

ಈಗ ಆ ಎರಡು ಸಾಲು.

ಇಪ್ಪತ್ತನಾಲ್ಕು ಗಂಟೆಯ ಕಾರ್ಯಕ್ರಮ ಕೊಡುವುದು ತಪ್ಪಲ್ಲ. ರಾತ್ರಿ ಎರಡು ಗಂಟೆಗೆ ಟ್ರಕ್ ಓಡಿಸುವವನಿಗೆ, ಆಸ್ಪತ್ರೆಯಲ್ಲಿ ಎಚ್ಚರವಾಗಿ ಮಲಗಿದವಳಿಗೆ ಒಂದು ಕೀರ್ತನೆ ಕೇಳಿಸಿದರೆ ಅದು ದೊಡ್ಡ ಸೇವೆ. "ಜನ ಬೇಕಾಗಿಲ್ಲ" ಅನ್ನುವ ಮಾತನ್ನೇ ಮಾರಾಟದ ಮಾತಾಗಿ ಮಾಡುತ್ತೀರಲ್ಲ, ನನ್ನ ತಕರಾರು ಅದಕ್ಕೆ. ಆ ದೇಶದಲ್ಲಿ ಎಫ್‌ಎಮ್‌ನ 88ರಿಂದ 92 ಮೆಗಾಹರ್ಟ್ಜ್ ಭಾಗ ಲಾಭದಾಸೆಯಿಲ್ಲದ ನಿಲಯಗಳಿಗೆ ಮೀಸಲು. ಅಲ್ಲಿ ಬೇರೆ ನಿಲಯದ ಧ್ವನಿಯನ್ನು ಮರುಪ್ರಸಾರ ಮಾಡುವ, 250 ವ್ಯಾಟ್ ಒಳಗಿನ ಟ್ರಾನ್ಸ್‌ಲೇಟರುಗಳಿಗೆ ಉಪಗ್ರಹದಿಂದಲೇ ಧ್ವನಿ ಉಣಿಸಬಹುದು. ಊರಿನಲ್ಲಿ ಒಂದು ಕಂಬ, ಒಂದು ಡಿಶ್, ಬೀಗ ಹಾಕಿದ ಒಂದು ಪೆಟ್ಟಿಗೆ. ಒಂದು ಪ್ರಾಣಿಯೂ ಇರಬೇಕಾಗಿಲ್ಲ. ಸುವಾರ್ತೆ ಊರಿಗೆ ಬಂತು ಅನ್ನುತ್ತೇವೆ, ಆದರೆ ಆ ಊರಿನಲ್ಲಿ ಯಾರು ಸತ್ತರು, ಯಾರಿಗೆ ಮಗುವಾಯಿತು, ಯಾರ ಕಣಜ ಸುಟ್ಟಿತು ಅಂತ ಆ ಪೆಟ್ಟಿಗೆಗೆ ಗೊತ್ತಿಲ್ಲ.

ನಾರ್ತ್ ಡಕೋಟದ ಮೈನಾಟ್ ಊರಿನ ಕತೆ ನಿನ್ನ ಸಹೋದ್ಯೋಗಿಗಳನ್ನು ಕೇಳು. 2002ರ ಜನವರಿ 18ರ ನಡುರಾತ್ರಿ ಗೂಡ್ಸ್ ರೈಲು ಹಳಿ ತಪ್ಪಿ ಅಮೋನಿಯದ ಮೋಡ ಊರಿನ ಮೇಲೆ ಕವಿಯಿತು. ಒಬ್ಬ ಸತ್ತ, ನೂರಾರು ಜನ ಅಸ್ವಸ್ಥರಾದರು. ಪೊಲೀಸರು ರೇಡಿಯೋ ನಿಲಯಕ್ಕೆ ಫೋನ್ ಮಾಡಿದರೆ ಎತ್ತುವವರು ಸಿಗಲಿಲ್ಲ. ಎಚ್ಚರಿಕೆ ವ್ಯವಸ್ಥೆಯನ್ನು ಯಾರು ಬಳಸಬೇಕಿತ್ತು ಅಂತ ಆಮೇಲೆ ಬಹಳ ದಿನ ವಾದ ನಡೆಯಿತು. ಅದು ಧಾರ್ಮಿಕ ನಿಲಯವೇನೂ ಅಲ್ಲ, ನಿಜ. ಆದರೆ ದೇವರ ಹೆಸರಿನ ನಿಲಯದ ಫೋನು ಹಾಗೆ ಬಡಿದುಕೊಂಡು ಸುಮ್ಮನಾದರೆ ನಾವು ಏನು ಹೇಳುತ್ತೇವೆ?

ಹಾಗಾಗಿ ನಿನ್ನ ಯೋಜನೆಯನ್ನು ಬೇರೆ ಥರ ಬರೆ. ಅಲ್ಲಿನ ಕಾನೂನೇ ನಿನಗೆ ಒಂದು ಎಳೆ ಕೊಟ್ಟಿದೆ. ಪ್ರತಿ ನಿಲಯವೂ ಗಂಟೆಗೊಮ್ಮೆ, ಕೆಡಿಕೆಎ ಅನ್ನುವ ಹಾಗೆ, ತನ್ನ ಗುರುತಿನ ಅಕ್ಷರಗಳ ಜೊತೆ ತನ್ನ ಊರಿನ ಹೆಸರು ಹೇಳಬೇಕು. ಅದಕ್ಕೆ ನೀವು ಬಿಡುವ ಸೆಕೆಂಡುಗಳನ್ನು ಇನ್ನಷ್ಟು ಅಗಲ ಮಾಡು. ಬೆಳಿಗ್ಗೆ ಐದು ನಿಮಿಷ, ಸಂಜೆ ಐದು ನಿಮಿಷ, ಭಾನುವಾರ ಒಂದು ಗಂಟೆ ಊರಿನವರದು ಅಂತ ಖಾಲಿ ಬಿಡು. ಆ ಹೊತ್ತು ಬಂತೆಂದು ರಿಸೀವರಿನ ರಿಲೇ ಸ್ವಿಚ್ಚು ತಾನೇ ಸೂಚನೆ ಕೊಡುತ್ತದಲ್ಲ, ಅದನ್ನೇ ಬಳಸು. ಅಲ್ಲಿ ಊರಿನ ಹುಡುಗ ಹವಾಮಾನ ಓದಲಿ, ಯಾರಾದರೂ ಅಮ್ಮ ತಮ್ಮ ಸಭೆಯ ಸಾವಿನ ಸುದ್ದಿ ಹೇಳಲಿ. ಒಬ್ಬರನ್ನಾದರೂ ಇಟ್ಟುಕೊಳ್ಳುವ ನಿಲಯಕ್ಕೆ ಶುಲ್ಕ ಕಡಿಮೆ ಮಾಡಿ ಅಂತ ಮೇಲಿನವರಿಗೆ ಕೇಳು. ಒಪ್ಪದಿದ್ದರೆ ಬೇಡ, ಆದರೆ ಕೇಳಿದ್ದು ಕಾಗದದ ಮೇಲೆ ಇರಲಿ.

ಈ ಊರಿನ ಹುಡುಗಿ ನೀನು. ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆ ವಿಠಲ ವಿಹಾರದಿಂದಲೇ ಪ್ರಸಾರ ಶುರುಮಾಡಿ ಅದಕ್ಕೆ ಆಕಾಶವಾಣಿ ಅಂತ ಹೆಸರಿಟ್ಟರು. ಆಮೇಲೆ ಇಡೀ ದೇಶದ ರೇಡಿಯೋಗೆ ಆ ಹೆಸರು ಬಂತು. ಹೆಸರಿನಲ್ಲಿ ಆಕಾಶ ಇದ್ದರೂ ಆ ನಿಲಯ ಇದ್ದದ್ದು ಒಬ್ಬರ ಮನೆಯಲ್ಲಿ, ಮಾತಾಡಿದವರು ಈ ಊರಿನ ಜನ. ನಿನ್ನ ಕೆಲಸದಲ್ಲಿ ಮಾತು ನಿಜವಾಗಿಯೂ ಆಕಾಶದಿಂದಲೇ ಇಳಿಯುತ್ತದೆ. ಇಳಿದ ಕಡೆ ಒಂದು ಮನೆ ಇರುವಂತೆ ನೋಡಿಕೋ.

ಮುಂದಿನ ತಿಂಗಳು ನಿಲಯಗಳನ್ನು ನೋಡಲು ಕಾರಿನಲ್ಲಿ ಸುತ್ತುತ್ತೀಯ ಅಂತ ನಿಮ್ಮಪ್ಪ ಹೇಳಿದ. ಹೋದಲ್ಲಿ ರಿಸೀವರ್ ನೋಡುವ ಮುಂಚೆ ಬೀಗದ ಕೈ ಯಾರ ಹತ್ತಿರ ಇದೆ ಅಂತ ಕೇಳಿ ಅವರ ಜೊತೆ ಕಾಫಿ ಕುಡಿ. ಕೇಳುಗರ ಪತ್ರ ಬಂದಿದ್ದರೆ ತೋರಿಸಿ ಅನ್ನು. ಯಾರಿದ್ದರು, ಏನು ಹೇಳಿದರು, ಪತ್ರದಲ್ಲಿ ಏನಿತ್ತು ಅಂತ ಒಂದೊಂದು ನಿಲಯಕ್ಕೆ ನಾಲ್ಕು ಸಾಲು ನನಗೆ ಬರೆದು ಕಳಿಸು. ಆ ಕಾರ್ಡಿನ ಫೋಟೋವನ್ನೂ ಇದರ ಜೊತೆ ಕಳಿಸಲು ನಿಮ್ಮಪ್ಪನಿಗೆ ಹೇಳಿದ್ದೇನೆ. ಚಳಿಗೆ ಕಿವಿ ಮುಚ್ಚಿಕೊಂಡು ಓಡಾಡು.

ಪ್ರಾರ್ಥನೆಯೊಂದಿಗೆ,
ನಿನ್ನ ದೊಡ್ಡಪ್ಪ