ನ್ಯೂರೋ ಕ್ಲಾಸಿಗೆ ಹೋಗೋ ಮುಂಚೆ

ಪ್ರಿಯ ಗೆಳೆಯ,

ಈ ವರ್ಷ ಎಂಬಿಬಿಎಸ್ ಫಸ್ಟ್ ಇಯರ್‌ನವರ ನ್ಯೂರೋ ಅನಾಟಮಿ (ಮೆದುಳು, ನರಗಳ ರಚನೆಯ ಪಾಠ) ಪೂರ್ತಿ ನಿನ್ನ ತಲೆಗೇ ಕಟ್ಟಿದ್ದಾರೆ ಅಂತ ಬರೆದಿದ್ದೀಯ. ಸೀನಿಯರ್‌ಗಳು ಹೊಸಬರಿಗೆ ದಾಟಿಸುವ ಭಾಗವೇ ಅದು, ಬಿಡು. ಹುಡುಗರ ಭಯವೂ ಹೊಸದಲ್ಲ. ಅಮೆರಿಕದ ನರರೋಗ ತಜ್ಞ ರಾಲ್ಫ್ ಜೋಸೆಫೋವಿಚ್ 1994ರಲ್ಲೇ ಇದಕ್ಕೆ 'ನ್ಯೂರೋಫೋಬಿಯಾ' ಅಂತ ಹೆಸರಿಟ್ಟರು. ಕ್ಲಾಸಿನಲ್ಲಿ ಕಲಿತದ್ದನ್ನು ಮುಂದೆ ಕೂತ ರೋಗಿಗೆ ಹೊಂದಿಸಲು ಆಗದಿರುವುದರಿಂದಲೇ ಈ ಭಯ ಹುಟ್ಟುತ್ತದೆ ಅಂತ ಅವರ ವಾದ.

ನನ್ನ ಸಲಹೆಯೂ ಅಲ್ಲಿಂದಲೇ ಶುರು. ಹೆಸರು ಹೇಳಿಕೊಡುವ ಮುಂಚೆ ಏನು ಕೆಟ್ಟಿದೆ ಅನ್ನೋದನ್ನು ತೋರಿಸು.

ನಮ್ಮ ಹುಡುಗರು ಮಿಡ್‌ಬ್ರೇನ್ ಟಿ.ಎಸ್. (ಮೆದುಳುಕಾಂಡದ ಮೇಲ್ಭಾಗದ ಅಡ್ಡಕೊಯ್ತದ ಚಿತ್ರ) ಹೇಗೆ ಕಲಿಯುತ್ತಾರೆ ಅನ್ನೋದು ನಿನಗೆ ಗೊತ್ತೇ ಇದೆ. ರೆಡ್ ನ್ಯೂಕ್ಲಿಯಸ್‌ಗೆ ಕೆಂಪು ಪೆನ್ಸಿಲ್, ಸಬ್‌ಸ್ಟ್ಯಾನ್ಷಿಯಾ ನೈಗ್ರಾಗೆ ಕಪ್ಪು, ರಂಗೋಲಿ ಹಾಕಿದ ಹಾಗೆ ಕೈಗೆ ಕೂರಿಸಿಕೊಳ್ಳುತ್ತಾರೆ. ಚಿತ್ರಕ್ಕೆ ಮಾರ್ಕ್ಸೂ ಬರುತ್ತದೆ. ಅದೇ ಚಿತ್ರದ ಮುಂಭಾಗದಲ್ಲಿ, ಎಡಗಡೆ ಮಾತ್ರ ರಕ್ತ ಸಂಚಾರ ನಿಂತರೆ ಯಾವ ಕಣ್ಣಿನ ರೆಪ್ಪೆ ಬೀಳುತ್ತದೆ, ಯಾವ ಕೈ ಸೋಲುತ್ತದೆ ಅಂತ ಕೇಳಿ ನೋಡು. ಕ್ಲಾಸು ಗಪ್‌ಚುಪ್.

ಮೊದಲ ದಿನ ಬೋರ್ಡಿನ ಮೇಲೆ ಒಬ್ಬ ರೋಗಿಯನ್ನು ಬರೆ. ಬೆಳಗ್ಗೆ ಎದ್ದರೆ ತಲೆ ಗಿರ್ರನೆ ತಿರುಗುತ್ತದೆ. ನಡೆದರೆ ಎಡಕ್ಕೆ ವಾಲುತ್ತಾನೆ. ಕಾಫಿ ಗಂಟಲಲ್ಲಿ ಇಳಿಯುವುದಿಲ್ಲ, ದನಿ ಒಡೆದಿದೆ, ಬಿಕ್ಕಳಿಕೆ ನಿಲ್ಲುತ್ತಿಲ್ಲ. ಎಡ ರೆಪ್ಪೆ ಸ್ವಲ್ಪ ಇಳಿದಿದೆ, ಆ ಕಣ್ಣಿನ ಪಾಪೆ ಚಿಕ್ಕದಾಗಿದೆ. ಸ್ನಾನದ ನೀರಿನ ಬಿಸಿ ಎಡಗೆನ್ನೆಗೆ ಗೊತ್ತಾಗುವುದಿಲ್ಲ, ಬಲಗೈ ಬಲಗಾಲಿಗೂ ಗೊತ್ತಾಗುವುದಿಲ್ಲ. ಆದರೆ ಕೈಕಾಲಿನ ಶಕ್ತಿ ಮಾತ್ರ ನೆಟ್ಟಗಿದೆ. ಕೆಟ್ಟಿರುವುದು ಒಂದೇ ಜಾಗ. ಎಲ್ಲಿ?

ಸ್ವಲ್ಪ ಹೊತ್ತು ಜಗಳ ಆಡಲಿ. ಮುಖ ಎಡ, ಮೈ ಬಲ, ಇದು ಹೇಗೆ ಸಾಧ್ಯ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಆಗ ಮೆಡುಲ್ಲಾದ (ಮೆದುಳುಕಾಂಡದ ಕೆಳತುದಿಯ) ಖಾಲಿ ಗೆರೆಚಿತ್ರ ಹಾಕು. ಒಂದೊಂದು ಲಕ್ಷಣಕ್ಕೂ ಒಬ್ಬೊಬ್ಬರು ಬಂದು ಚಾಕ್‌ಪೀಸಿನಲ್ಲಿ ಚುಕ್ಕೆ ಇಡಲಿ. ಮುಖದ ನೋವು, ಬಿಸಿ ಹೊತ್ತ ಟ್ರೈಜೆಮಿನಲ್ ನರದ ಎಳೆಗಳು ಇನ್ನೂ ಅದೇ ಕಡೆ ಇಳಿಯುತ್ತಿವೆ. ಮೈಯಿಂದ ನೋವು, ಬಿಸಿ ಹೊತ್ತು ಬಂದ ಸ್ಪೈನೋಥಲಾಮಿಕ್ ದಾರಿ ಕೆಳಗಡೆ ಬೆನ್ನುಹುರಿಯಲ್ಲೇ ಇನ್ನೊಂದು ಕಡೆಗೆ ದಾಟಿ ಬಂದಿದೆ. ಎರಡೂ ಇಲ್ಲಿ ಅಕ್ಕಪಕ್ಕ. ನುಂಗುವುದು, ದನಿ ಅಂದರೆ ನ್ಯೂಕ್ಲಿಯಸ್ ಆಂಬಿಗ್ಯೂಸ್ ಅನ್ನುವ ನರಕೋಶಗಳ ಗುಂಪು. ತಲೆ ತಿರುಗುವುದಕ್ಕೆ ಸಮತೋಲನದ ವೆಸ್ಟಿಬ್ಯುಲರ್ ನ್ಯೂಕ್ಲಿಯಸ್, ವಾಲುವುದಕ್ಕೆ ಇನ್‌ಫೀರಿಯರ್ ಸೆರೆಬೆಲ್ಲಾರ್ ಪೆಡಂಕಲ್ (ಕಿರುಮೆದುಳಿಗೆ ಹೋಗುವ ಎಳೆಗಳ ಕಟ್ಟು), ರೆಪ್ಪೆ ಮತ್ತು ಪಾಪೆಗೆ ಮೇಲಿಂದ ಇಳಿಯುವ ಸಿಂಪಥೆಟಿಕ್ ಎಳೆಗಳು. ಚುಕ್ಕೆಗಳೆಲ್ಲ ಎಡಗಡೆಯ ಹಿಂಬದಿ ಮೂಲೆಯಲ್ಲೇ ಗುಂಪು ಸೇರುತ್ತವೆ. ಶಕ್ತಿ ಯಾಕೆ ಉಳಿಯಿತು? ಕೈಕಾಲು ಆಡಿಸುವ ಎಳೆಗಳಿರುವ ಪಿರಮಿಡ್ ಮುಂದೆ ನಡುವಲ್ಲಿದೆ, ಅಲ್ಲಿಗೆ ಏಟು ಬಿದ್ದಿಲ್ಲ. ವಾಲೆನ್‌ಬರ್ಗ್ ಸಿಂಡ್ರೋಮ್ ಅನ್ನುವ ಹೆಸರು ಆಮೇಲೆ ಹೇಳು: ಜರ್ಮನಿಯ ವೈದ್ಯ ಅಡಾಲ್ಫ್ ವಾಲೆನ್‌ಬರ್ಗ್ 1895ರಲ್ಲಿ ಇಂಥ ಒಬ್ಬ ರೋಗಿಯನ್ನು ನೋಡಿ ಜಾಗ ಊಹಿಸಿದರು, ಆತ ತೀರಿಕೊಂಡ ಮೇಲೆ 1901ರಲ್ಲಿ ಮೆದುಳು ನೋಡಿ ಅದು ನಿಜ ಅಂತ ತೋರಿಸಿದರು. ಇದನ್ನು ಕೇಳಿದ ಮೇಲೆ ಹಿಂದಿನ ಬೆಂಚಿನವರೂ ತಲೆ ಎತ್ತುತ್ತಾರೆ.

ಯಾವ ಎಳೆ ಎಲ್ಲಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ದಾಟುತ್ತದೆ ಅನ್ನೋದನ್ನು ತೋರಿಸುವುದಕ್ಕೆ ಉಲ್ಲನ್ ದಾರಕ್ಕಿಂತ ಒಳ್ಳೆಯ ಸಾಧನ ನಾನು ಕಂಡಿಲ್ಲ. ಡಿಸೆಕ್ಷನ್ ಹಾಲಿನ ನೆಲದ ಮೇಲೆ ಬೆನ್ನುಹುರಿ, ಮೆಡುಲ್ಲಾ, ಥಲಾಮಸ್ (ಸಂವೇದನೆಗಳು ಬಂದು ಸೇರುವ ಮೆದುಳಿನ ನಡುಭಾಗ) ಗೆರೆ ಹಾಕು. ಎರಡೂ ಪಾದದಿಂದ ನೋವಿಗೆ ಕೆಂಪು ದಾರ, ಕಂಪನಕ್ಕೆ ನೀಲಿ. ಕೆಂಪು ಬೆನ್ನುಹುರಿಯ ಒಳಗೆ ಬಂದ ಸ್ವಲ್ಪದರಲ್ಲೇ ದಾಟಬೇಕು, ನೀಲಿ ಮೆಡುಲ್ಲಾ ತನಕ ಅದೇ ಕಡೆ ಹೋಗಬೇಕು. ಈಗ ಹುರಿಯ ಬಲ ಅರ್ಧವನ್ನು ಕತ್ತರಿಯಲ್ಲಿ ಕತ್ತರಿಸಲು ಹೇಳು. ಬಲಗಾಲಿನ ನೀಲಿ, ಎಡಗಾಲಿನ ಕೆಂಪು ತುಂಡಾಗುತ್ತವೆ. ಹುರಿ ಅರ್ಧ ತುಂಡಾದಾಗ ಕಾಣುವ ಬ್ರೌನ್-ಸೆಕಾರ್ಡ್ ಸಿಂಡ್ರೋಮ್ ಅಲ್ಲಿಗೆ ಮುಗಿಯಿತು, ಬಾಯಿಪಾಠ ಬೇಕಿಲ್ಲ.

ಕೊಯ್ದು ಕಲಿಯಲು ಮನುಷ್ಯರ ಮೆದುಳುಗಳು ಸಾಲದು ಅಂದಿದ್ದೀಯ. ಎಲ್ಲ ಕಡೆ ಇದೇ ಗೋಳು. ಮಟನ್ ಅಂಗಡಿಯಲ್ಲಿ ಮೇಕೆ ಮೆದುಳು ಹೇಳಿಟ್ಟು ತಂದು 10% ಫಾರ್ಮಲಿನ್‌ನಲ್ಲಿ ಇಡು. ಗಟ್ಟಿಯಾದ ಮೇಲೆ ನೀರಲ್ಲಿ ತೊಳೆದು ಒಂದು ವಾರ ಡೀಪ್ ಫ್ರೀಜರ್‌ಗೆ ಹಾಕು. ಬಾಸೆಲ್‌ನ ಯೋಸೆಫ್ ಕ್ಲಿಂಗ್ಲರ್ 1930ರ ದಶಕದಲ್ಲಿ ಕಂಡುಕೊಂಡ ಉಪಾಯ ಇದು. ಎಳೆಗಳ ನಡುವಿನ ನೀರು ಮಂಜುಗಡ್ಡೆಯಾಗಿ ಉಬ್ಬಿ ಅವನ್ನು ಬಿಡಿಸುತ್ತದೆ. ಕರಗಿದ ಮೇಲೆ ಮರದ ಕಡ್ಡಿಯಲ್ಲಿ ಮೆಲ್ಲಗೆ ಕೆರೆದರೆ ಬಿಳಿ ಎಳೆಗಳು ಪದರ ಪದರವಾಗಿ ಏಳುತ್ತವೆ. ಮೇಕೆಗೆ ವಾಸನೆಯ ಭಾಗ ದೊಡ್ಡದು, ಸೆರೆಬ್ರಮ್ (ಮೇಲಿನ ಮಡಿಕೆಯ ಭಾಗ) ಚಿಕ್ಕದು. ಆ ವ್ಯತ್ಯಾಸವೇ ಒಂದು ಪಾಠ. ಕೈ ಪಳಗಿದ ಮೇಲೆ ಮನುಷ್ಯನ ಮೆದುಳು ಕೊಡು. ಒಂದು ಸಲ ನಿಮ್ಹಾನ್ಸ್‌ನ ಬ್ರೇನ್ ಮ್ಯೂಸಿಯಂಗೂ ಬ್ಯಾಚನ್ನು ಕರೆದುಕೊಂಡು ಹೋಗು, ರೋಗ ಬಂದ ಮೆದುಳು ಕಣ್ಣಾರೆ ನೋಡಲಿ.

3ಡಿ ಆ್ಯಪ್ ಬೇಡ ಅನ್ನೋದಿಲ್ಲ. ವೆಂಟ್ರಿಕಲ್‌ಗಳ (ಮೆದುಳಿನ ಒಳಗಿನ ಪೊಳ್ಳುಗಳ) ಆಕಾರ ಅದರಲ್ಲಿ ಚೆನ್ನಾಗಿ ತಿಳಿಯುತ್ತದೆ. ಆದರೆ ಪರದೆ ಮೇಲೆ ಮೆದುಳು ತಿರುಗುತ್ತಾ ಇದ್ದರೆ ಹುಡುಗರು ಸುಮ್ನೆ ನೋಡುತ್ತಾ ಕೂರುತ್ತಾರೆ. ಕ್ಲಾಸ್ ಶುರುವಾದ ಕೂಡಲೇ ಖಾಲಿ ಹಾಳೆ ಕೊಟ್ಟು ಹಿಂದಿನ ದಿನ ಕಲಿತ ನರದ ದಾರಿಯನ್ನು ನೋಡದೆ ಬರೆಸು, ಮಾರ್ಕ್ಸ್ ಇಲ್ಲದೆ. ರೋಡಿಗರ್, ಕಾರ್ಪಿಕೀ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು 2006ರಲ್ಲಿ ತೋರಿಸಿದ್ದು ನೆನಪಿದೆಯಾ? ಐದು ನಿಮಿಷದ ನಂತರ ಕೇಳಿದರೆ ಮತ್ತೆ ಮತ್ತೆ ಓದಿದವರೇ ಮುಂದು. ಒಂದು ವಾರ ಬಿಟ್ಟು ಕೇಳಿದರೆ, ನೆನಪಿಂದ ತೆಗೆದು ಬರೆದವರು ಮುಂದು. ಮೊದಮೊದಲು ಹುಡುಗರು ಗೊಣಗುತ್ತಾರೆ, ಗೊಣಗಲಿ.

2019ರಲ್ಲಿ ಬಂದ ಎಂಬಿಬಿಎಸ್ ಪಠ್ಯಕ್ರಮದಿಂದೀಚೆಗೆ ಮೊದಲ ವರ್ಷವೇ ರೋಗಿಯನ್ನು ತೋರಿಸಲು ಅವಕಾಶ ಇದೆ. ಮೆಡಿಸಿನ್ ವಿಭಾಗದಲ್ಲಿ ನಿನಗೆ ಪರಿಚಯದವರಿದ್ದರೆ ಪಾರ್ಶ್ವವಾಯು ಆದವರೊಬ್ಬರ ಹತ್ತಿರ, ಅವರು ಒಪ್ಪಿದರೆ, ಹುಡುಗರನ್ನು ಸಣ್ಣ ಗುಂಪಾಗಿ ಕರೆದುಕೊಂಡು ಹೋಗು. ಜಾಸ್ತಿ ಜನ ಬೇಡ, ರೋಗಿಗೆ ಹಿಂಸೆ.

ಇನ್ನು ಪರೀಕ್ಷೆ. ಯೂನಿವರ್ಸಿಟಿ ಪೇಪರ್ ನಮ್ಮ ಕೈಯಲ್ಲಿಲ್ಲ. ಇಂಟರ್ನಲ್ಸ್, ಅಂದರೆ ಕಾಲೇಜಿನ ಒಳಗಿನ ಪರೀಕ್ಷೆ ಇದೆ, ಅಲ್ವಾ? ಭಾಗಗಳ ಹೆಸರು ಬರೆಯದ ಮೆದುಳಿನ ಒಂದು ಅಡ್ಡಕೊಯ್ತದ ಚಿತ್ರ, ಪಕ್ಕದಲ್ಲಿ ರೋಗಿಯ ಮೂರು ಸಾಲು, ಕೆಟ್ಟ ಜಾಗಕ್ಕೆ ಗೆರೆ ಹಾಕಿ ಕಾರಣ ಬರೆಯಿರಿ ಅಂತ ಒಂದು ಪ್ರಶ್ನೆ ಹಾಕು. ಪರೀಕ್ಷೆಯಲ್ಲಿ ಬರುತ್ತದೆ ಅಂತ ಗೊತ್ತಾದರೆ ಅವರೇ ಹಾಗೆ ಓದಲು ಶುರು ಮಾಡುತ್ತಾರೆ. ಪೇಪರ್ ರೆಡಿ ಆದಾಗ ನನಗೂ ಒಂದು ಪ್ರತಿ ಕಳಿಸು. ನಮ್ಮ ಹುಡುಗರಿಗೂ ಅದನ್ನೇ ಕೊಟ್ಟು ನೋಡುತ್ತೇನೆ.

ಇಂತಿ,
ನಿನ್ನ ಗೆಳೆಯ